ಹಂಡೆಯ ಕೆಳಗಿನ ಹಸಿರು ಬೆಂಕಿ

ಕಾರಿನ ಬಾನೆಟ್ ಎತ್ತಿ, ಕಂಪ್ರೆಸರಿಗೆ ಮರಳುವ ದಪ್ಪ ಪೈಪನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಒಳಗೆ ಗ್ಯಾಸ್ ಎಷ್ಟಿದೆ ಎಂದು ನಾನು ಹೇಳಿಬಿಡುತ್ತಿದ್ದೆ. ಪೈಪು ಬೆವರಿ, ಆಗ ತಾನೇ ಬಾವಿಯಿಂದ ಸೇದಿದ ಕೊಡದಷ್ಟು ತಣ್ಣಗಿದ್ದರೆ ಎಲ್ಲ ಸರಿ. ಬೆಚ್ಚಗಿದ್ದರೆ ಎಲ್ಲೋ ಸೋರಿದೆ. ಪೈಪಿನ ಮೇಲೆ ಬಿಳಿಯ ಮಂಜು ಕೂತಿದ್ದರೆ ಒಳಗೆ ಏನೋ ಕಟ್ಟಿಕೊಂಡಿದೆ. ನನ್ನ ಮಾತು ನಂಬದವರು ಗೇಜು ಹಾಕಿಸಿ ನೋಡುತ್ತಿದ್ದರು. ನೋಡಿದ ಮೇಲೆ ಗೇಜಿನ ಮುಳ್ಳಿಗಿಂತ ನನ್ನ ಕೈಯನ್ನೇ ಹೆಚ್ಚು ನಂಬುತ್ತಿದ್ದರು.

ಹಾಸನದಲ್ಲಿ ಕಾರಿನ ಎಸಿ ಕೆಲಸಕ್ಕೆಂದೇ ಅಂಗಡಿ ತೆರೆದವರಲ್ಲಿ ನಾನು ಮೊದಲಿಗ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಲಿತದ್ದು ಮಂಗಳೂರಿನಲ್ಲಿ, ಮೀನು ಇಡುವ ಕೋಲ್ಡ್ ಸ್ಟೋರೇಜಿನಲ್ಲಿ. ನಾನು ಊರಿಗೆ ಮರಳುವ ತನಕ ನಮ್ಮ ಕಡೆಯವರ ಕಾರಿನ ಎಸಿ ಕೆಟ್ಟರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಇವತ್ತು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಮೂರೂ ಊರುಗಳಲ್ಲಿ ಎಸಿ ಕೆಲಸಕ್ಕೆ ಹೆಸರಾದವರು ನನ್ನ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವರು. ಇದರ ಹೆಮ್ಮೆ ನನಗಿದೆ. ಮುಚ್ಚಿಡುವುದಿಲ್ಲ. ಆದರೆ ಇದೇ ಹೆಮ್ಮೆಗೆ ಎಲ್ಲಿ ಕುಂದು ಬಂದೀತೋ ಎಂದು ಹೆದರಿ, ನನ್ನ ಹೆಂಡತಿ ಕಣ್ಣಾರೆ ಕಂಡದ್ದನ್ನು ನಾನು ಸುಳ್ಳು ಮಾಡಿದೆ. ಅವಳ ಎದೆಗೆ ಹತ್ತಿದ ಕಾಯಿಲೆಗೆ ಇಲ್ಲದ ಕಾರಣ ಹೇಳಿದೆ. ಅದನ್ನು ಬರೆಯಲೆಂದೇ ಈಗ ಕೂತಿದ್ದೇನೆ.

ಮೊದಲು ಈ ಗ್ಯಾಸಿನ ಗುಣ ಹೇಳಬೇಕು. ಎಸಿ ತಂಪನ್ನು ಹುಟ್ಟಿಸುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಮಾಡುವುದು ಕಾರಿನ ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವ ಕೆಲಸ. ಹೊರುವ ಆಳು ಈ ಗ್ಯಾಸ್. ಒತ್ತಿ ಹಿಡಿದರೆ ನೀರಿನ ಹಾಗೆ ದ್ರವವಾಗಿ ಇರುತ್ತದೆ. ಒತ್ತಡ ಬಿಟ್ಟರೆ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿದ್ದಾಗಲೂ ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಪಕ್ಕದಲ್ಲಿ ಏನಿದೆಯೋ ಅದರಿಂದ ಕಿತ್ತುಕೊಳ್ಳುತ್ತದೆ. ಪಕ್ಕದಲ್ಲಿ ಕಾರಿನ ಗಾಳಿ ಇದ್ದರೆ ಗಾಳಿ ತಂಪಾಗುತ್ತದೆ. ನಿಮ್ಮ ಬೆರಳಿದ್ದರೆ ಬೆರಳು ಹೆಪ್ಪುಗಟ್ಟಿ, ಬೆಂಕಿಯಲ್ಲಿ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕಣ್ಣಿಗೆ ಹಾರಿದರೆ ಕಣ್ಣಿನ ಆಸೆ ಬಿಡಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡಿಕೊಂಡು, ಉಸಿರಾಡುವ ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ಇನ್ನು ಉರಿಯುವ ಬೆಂಕಿಯೊಳಗೆ ಹೊಕ್ಕರೆ, ಅಲ್ಲಿಯವರೆಗೆ ಸಾಧುವಿನಂತಿದ್ದದ್ದು ಒಡೆದು ವಿಷವಾಗುತ್ತದೆ.

ಆಗಿನ ಹಳೆಯ ಗ್ಯಾಸಿಗೆ ಬೆಂಕಿಯಲ್ಲಿ ಇನ್ನೂ ಒಂದು ಆಟವಿತ್ತು. ಕಾದ ತಾಮ್ರದ ಜೊತೆ ಸೇರಿದರೆ ಜ್ವಾಲೆ ಹಸಿರಾಗುತ್ತಿತ್ತು. ಸೋರಿಕೆ ಹುಡುಕಲು ನಮ್ಮ ಬಳಿ ಒಂದು ದೀಪವಿತ್ತು. ಅದರ ಉರಿಯ ನಡುವೆ ತಾಮ್ರದ ಸಣ್ಣ ತಗಡು, ಬುಡಕ್ಕೆ ಒಂದು ರಬ್ಬರ್ ಕೊಳವೆ. ಕೊಳವೆಯ ತುದಿಯನ್ನು ಪೈಪುಗಳ ಉದ್ದಕ್ಕೂ ಆಡಿಸಿಕೊಂಡು ಹೋದರೆ, ಸೋರುವ ಕಡೆ ಬಂದಾಗ ನೀಲಿ ಉರಿ ಹಸಿರಿಗೆ ತಿರುಗುತ್ತಿತ್ತು. ಬಾಗಿಲು ಅರ್ಧ ಮುಚ್ಚಿ, ಕತ್ತಲು ಮಾಡಿ ನಾನು ಇದನ್ನು ಗಿರಾಕಿಗಳಿಗೆ ತೋರಿಸುತ್ತಿದ್ದೆ. ಅವರು ಬೆರಗಾಗಿ ನೋಡುತ್ತಿದ್ದರು. ಅಂಗಡಿಯ ಹಿಂದೆಯೇ ನಮ್ಮ ಮನೆ. ಹೆಂಡತಿ ಅಂಗಡಿಯೊಳಗೆ ಬರುತ್ತಿರಲಿಲ್ಲ. ಅವಳು ಆ ದೀಪ ಹೊತ್ತಿದ್ದನ್ನು ನೋಡಿಯೇ ಇರಲಿಲ್ಲ.

ನನ್ನ ಇನ್ನೊಂದು ಉಪಾಯಕ್ಕೆ ಅಂಗಡಿಯಲ್ಲಿ ಅಭ್ಯಂಜನ ಎಂದು ಹೆಸರು ಬಿದ್ದಿತ್ತು. ಹಾಸನದ ಚಳಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಧನುರ್ಮಾಸದ ಬೆಳಿಗ್ಗೆ ಸಿಲಿಂಡರಿನ ಗ್ಯಾಸ್ ಮಲಗಿಬಿಡುತ್ತದೆ. ಸಿಲಿಂಡರ್ ತಣ್ಣಗಾದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ. ಆಮೇಲೆ ಎಷ್ಟು ಹೊತ್ತು ಕಾದರೂ ಅದು ಕಾರಿನೊಳಕ್ಕೆ ಹೋಗದು. ಗಿರಾಕಿ ಗಡಿಯಾರ ನೋಡಿಕೊಳ್ಳುತ್ತ ನಿಂತಿರುತ್ತಾನೆ. ನಾನು ಚಿಕ್ಕ ಸಿಲಿಂಡರನ್ನು ಹಗ್ಗ ಕಟ್ಟಿ, ಬಚ್ಚಲಿನ ತಾಮ್ರದ ಹಂಡೆಯ ಬಿಸಿನೀರಿಗೆ ಇಳಿಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗ್ಯಾಸ್ ಎದ್ದು ಕೂರುತ್ತಿತ್ತು. "ಅಭ್ಯಂಜನ ಆಯ್ತೇನ್ಲಾ?" ಎಂದು ನಾನು ಕೂಗಿದರೆ, "ಎಣ್ಣೆ ಒಂದು ಬಾಕಿ ಗುರುಗಳೇ" ಎಂದು ಕೆಲಸದವರು ಕೂಗುತ್ತಿದ್ದರು. ಬೇರೆಯವರು ಮಧ್ಯಾಹ್ನದವರೆಗೆ ಒದ್ದಾಡುವ ಕೆಲಸ ನಮ್ಮಲ್ಲಿ ತಿಂಡಿಯ ಹೊತ್ತಿಗೆ ಮುಗಿಯುತ್ತದೆ ಎಂದು ಊರೆಲ್ಲ ಹೆಸರಾಯಿತು. ನನ್ನ ಶಿಷ್ಯರು ತಮ್ಮ ತಮ್ಮ ಊರಿಗೆ ಹೋದಾಗ ಜೊತೆಯಲ್ಲಿ ಕೊಂಡುಹೋದ ವಿದ್ಯೆಗಳಲ್ಲಿ ಇದೂ ಒಂದು.

ಒಂದು ಚಳಿಗಾಲದ ಬೆಳಿಗ್ಗೆ ಮಂಗಳೂರು ಕಡೆ ನಿಶ್ಚಿತಾರ್ಥಕ್ಕೆ ಹೊರಟ ಕುಟುಂಬದ ಕಾರು ಅಂಗಡಿಗೆ ಬಂತು. ಘಾಟಿ ಇಳಿದರೆ ಸೆಕೆ, ಎಸಿ ಬೇಕೇ ಬೇಕು, ಬೇಗ ಮಾಡಿಕೊಡಿ ಎಂದರು. ಹಿಂದಿನ ದಿನ ನಾನು ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ಇಳಿಸಿದ್ದೆ. ಒಮ್ಮೆ ಖಾಲಿಯಾದ ಮೇಲೆ ಮತ್ತೆ ತುಂಬಬಾರದೆಂದು ಅದರ ಮೈಮೇಲೇ ಬರೆದಿತ್ತು. ತುಂಬಿದ್ದೆ. ದ್ರವ ಬಿಸಿಯಾದಾಗ ಹಿಗ್ಗುತ್ತದೆ, ಅದಕ್ಕೆ ಮೇಲೆ ಖಾಲಿ ಜಾಗ ಬಿಡಬೇಕು ಎಂಬುದೂ ನನಗೆ ಗೊತ್ತಿತ್ತು. ಕಂಠಮಟ್ಟ ತುಂಬಿದ್ದೆ. ಅದನ್ನು ಹಂಡೆಗೆ ಇಳಿಬಿಟ್ಟು, ಒಲೆಯ ಮುಂದೆ ಕೂತಿದ್ದ ಹೆಂಡತಿಗೆ, "ಬೆಂಕಿ ಇನ್ನೊಸಿ ಜೋರು ಮಾಡೇ" ಎಂದು ಹೇಳಿ ಕಾರಿನ ಕಡೆ ನಡೆದೆ.

ಸೀಟಿ ಊದಿದಂಥ ಒಂದು ಕೂಗು ಕೇಳಿಸಿತು. ಒತ್ತಡ ಮೀರಿದಾಗ ಸಿಲಿಂಡರ್ ಸಿಡಿಯದಿರಲೆಂದು ಅದರ ಕತ್ತಿನ ಬಳಿ ಒಂದು ತೆಳು ಬಿಲ್ಲೆ ಇಟ್ಟಿರುತ್ತಾರೆ. ಆ ಬಿಲ್ಲೆ ಒಡೆದಿತ್ತು. ನಾನು ಬಚ್ಚಲಿನ ಬಾಗಿಲಿಗೆ ಓಡಿದೆ. ಹಂಡೆಯ ನೀರು ಕೊತಕೊತ ಎದ್ದು ಹೊರಕ್ಕೆ ಚೆಲ್ಲುತ್ತಿತ್ತು. ಅದರ ಜೊತೆ ಕಣ್ಣಿಗೆ ಕಾಣದ ಗ್ಯಾಸ್ ಹಂಡೆಯ ಅಂಚಿನಿಂದ ಕೆಳಕ್ಕೆ ಸುರಿದು, ನೆಲ ಹಿಡಿದು, ಒಲೆಯ ಬಾಯಿಗೆ ನುಗ್ಗುತ್ತಿತ್ತು. ತಾಮ್ರದ ತಳವನ್ನು ನೆಕ್ಕುತ್ತಿದ್ದ ಉರಿ ಹಸಿರಾಗಿತ್ತು. ಅಚ್ಚ ಹಸಿರು. ನಮ್ಮ ದೀಪದ ಉರಿ ಒಲೆಯಷ್ಟು ದೊಡ್ಡದಾಗಿ ಬೆಳೆದಂತೆ. ನನ್ನ ಹೆಂಡತಿ ಓಡಿಹೋಗಲಿಲ್ಲ. ಮನೆಗೆ ಬೆಂಕಿ ಬಿದ್ದೀತೆಂದು, ಬಗ್ಗಿ ಕೂತು, ಉರಿಯುವ ಸೌದೆಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಎರಚುತ್ತಿದ್ದಳು. ಬಾಗಿಲಲ್ಲಿದ್ದ ನನಗೇ ಮೂಗು ಗಂಟಲು ಚುರ್ ಎಂದವು.

ಕೈ ಹಿಡಿದು ಈಚೆಗೆ ಎಳೆದುಕೊಂಡೆ. ಅಂಗಳಕ್ಕೆ ಬಂದವಳು ಕಣ್ಣು ಉಜ್ಜಿಕೊಳ್ಳುತ್ತ ಕೆಮ್ಮಿ ಕೆಮ್ಮಿ, "ರೀ, ಬೆಂಕಿ ಅಸುರಾಗೈತೆ ಕಣ್ರೀ! ಒಳ್ಗೆ ಏನೋ ಆಗೈತೆ!" ಎಂದಳು.

ಗಿರಾಕಿ ಓಡಿಬಂದು ಹಿಂದೆ ನಿಂತಿದ್ದರು. "ಏನಾಯ್ತು?" ಎಂದರು.

"ಏನಿಲ್ಲ ಸಾ. ಒದ್ದೆ ಸೌದೆ ಇಟ್ಟವ್ಳೆ. ಹೊಗೆ," ಎಂದೆ.

ಆ ಮಾತು ಬಾಯಿಂದ ಬರಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಅಂಗಡಿಯ ಹೆಸರು, ನನ್ನ ಅಭ್ಯಂಜನದ ಹೆಸರು, ಎಲ್ಲ ಆ ಒಂದು ಮಾತಿನ ಹಿಂದೆ ಅವಿತುಕೊಂಡಿತು. ಸಂಜೆಯ ಹೊತ್ತಿಗೆ ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಏನಾಯಿತು ಎಂದು ಕೇಳಿದಾಗಲೂ ಹೊಗೆ ಎಂದೇ ಹೇಳಿದೆ. ಅವಳು ಆಮ್ಲಜನಕದ ಮುಖವಾಡ ಸರಿಸಿ "ಅಸುರು ಬೆಂಕಿ" ಎಂದರೆ, "ಗಾಬರಿಯಾಗಿದ್ದಾಳೆ" ಎಂದೆ. ಬದುಕಿ ಮನೆಗೆ ಬಂದಳು. ಕೆಮ್ಮು ಮಾತ್ರ ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ, ಚಳಿ ಗಾಳಿ ಬೀಸಿದರೆ, ಎದೆಯೊಳಗೆ ಪೀಪಿ ಊದಿದ ಹಾಗೆ ಸದ್ದು.

ಮೊದಮೊದಲು ಅವಳು ಬಂದವರಿಗೆಲ್ಲ ಹಸಿರು ಬೆಂಕಿಯ ಕಥೆ ಹೇಳುತ್ತಿದ್ದಳು. ನಂಟರ ಮನೆಗಳಲ್ಲಿ ಅದು ತಮಾಷೆಯಾಯಿತು. "ಅತ್ಗೆ, ನಮ್ಗೂ ಒಂದ್ಸಲ ಅಸುರು ಬೆಂಕಿ ತೋರ್ಸಿ" ಎನ್ನುವರು. "ಒಲೇಲಿ ಬಾಳೆಲೆ ಇಟ್ಟಿದ್ದೇನಕ್ಕಾ?" ಎನ್ನುವರು. ನಾನೂ ಅವರ ಜೊತೆ ನಕ್ಕಿದ್ದೇನೆ. ಕೊನೆಗೆ ಅವಳು ಹೇಳುವುದನ್ನು ಬಿಟ್ಟಳು. ತನ್ನ ಕಣ್ಣನ್ನು ತಾನೇ ನಂಬದಾದಳು. ಸೌದೆಯನ್ನು ಬಿಸಿಲಿಗೆ ಹರಡಿ, ಒಂದೊಂದನ್ನೂ ತಟ್ಟಿ ನೋಡಿ ಒಳಗೆ ಜೋಡಿಸತೊಡಗಿದಳು. ಕೇರಿಯ ಹೊಸ ಸೊಸೆಯರಿಗೆ, "ಒದ್ದೆ ಸೌದೆ ಒಲೆಗಿಡ್ಬ್ಯಾಡ್ರವ್ವ, ನನ್ನ ನೋಡಿ ಕಲೀರಿ" ಎಂದು ಬುದ್ಧಿ ಹೇಳತೊಡಗಿದಳು. ಕೇಳಿದಾಗಲೆಲ್ಲ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ನನ್ನ ಅಂಗಡಿಯಲ್ಲಿ ಅಭ್ಯಂಜನ ಅಂದಿಗೇ ನಿಂತಿತು. ಏಕೆ ನಿಂತಿತೆಂದು ಯಾರಿಗೂ ಹೇಳಲಿಲ್ಲ.

ಅಂಗಡಿಯನ್ನು ಈಗ ಮಗಳು ನಡೆಸುತ್ತಾಳೆ. ಅವಳ ಕೆಲಸ ನೋಡಿದರೆ ನನಗೆ ಎದೆಯುಬ್ಬುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಅವಳು ಪೈಪು ಬಿಚ್ಚುವುದಿಲ್ಲ. ಹಳೆಯ ಗ್ಯಾಸನ್ನು ನಾವು ಸುಮ್ಮನೆ ಗಾಳಿಗೆ ಬಿಡುತ್ತಿದ್ದೆವು. ಆಕಾಶ ಹಾಳಾಗುತ್ತದೆಂಬುದು ನಮ್ಮ ತಲೆಗೆ ಹೋಗಿರಲಿಲ್ಲ. ಅವಳ ಯಂತ್ರ ಅದನ್ನು ಹೀರಿ, ಸೋಸಿ, ತೂಕ ಮಾಡಿ ಇಟ್ಟುಕೊಳ್ಳುತ್ತದೆ. ಯಾವ ಕಾರಿಗೆ ಯಾವ ಗ್ಯಾಸ್ ಎಂದು ಬಾನೆಟ್ಟಿನ ಚೀಟಿ ಓದಿಯೇ ಕೈ ಹಾಕುತ್ತಾಳೆ. ಹೊಸ ಕಾರುಗಳ ಗ್ಯಾಸಿಗೆ ಬೆಂಕಿಯೂ ಹತ್ತಬಲ್ಲದು ಎಂದು ಅಂಗಡಿಯ ಸುತ್ತ ಬೀಡಿ ಕೂಡ ಹಚ್ಚಗೊಡುವುದಿಲ್ಲ. ಇವೆಲ್ಲ ಅವಳು ತರಬೇತಿಯಲ್ಲಿ ಕಲಿತದ್ದು. ನನ್ನಿಂದ ಕಲಿಯಬೇಕಾಗಿದ್ದ ಒಂದು ಪಾಠವನ್ನು ನಾನು ಅವಳಿಗೂ ಹೇಳಿರಲಿಲ್ಲ.

ಈ ಚಳಿಗಾಲ ಹೆಂಡತಿಯ ಉಬ್ಬಸ ಹೆಚ್ಚಾಯಿತು. ಹಾಸನದಲ್ಲೇ ಎದೆಯ ಕಾಯಿಲೆ ನೋಡುವ ಹೊಸ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ಯಂತ್ರಕ್ಕೆ ಊದಿಸಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಅಮ್ಮ, ಯಾವಾಗಾದ್ರೂ ಕೆಮಿಕಲ್ ಗ್ಯಾಸ್ ಏನಾದ್ರೂ ಉಸಿರಾಡಿದ್ರಾ? ಫ್ಯಾಕ್ಟರಿ, ಕೀಟನಾಶಕ, ಅಂಥದ್ದು?" ಎಂದು ಕೇಳಿದರು.

"ಇಲ್ಲ ಕಣಮ್ಮ. ಒಂದ್ಸಲ ಒದ್ದೆ ಸೌದೆ ಇಟ್ಬುಟ್ಟಿದ್ದೆ. ನಂದೇ ತಪ್ಪು," ಎಂದಳು ಇವಳು.

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ಗೋಡೆಗೆ ಅಂಟಿಸಿದ್ದ ಶ್ವಾಸಕೋಶದ ಚಿತ್ರ ನೋಡುತ್ತ ಕೂತೆ. ಇನ್ನೊಂದು ಪರೀಕ್ಷೆ ಮಾಡಿಸಿಕೊಂಡು ಮುಂದಿನ ವಾರ ಬನ್ನಿ ಎಂದರು.

ಆ ವಾರದಲ್ಲೇ ಅರಕಲಗೂಡಿನಲ್ಲಿ ನಾದಿನಿಯ ಮನೆಗೆ ಹೋಗಬೇಕಾಯಿತು. ಊಟ ಮುಗಿಸಿ ಹೊರಟವರು, ದಾರಿಯಲ್ಲೇ ಇದ್ದ ಶಿಷ್ಯನ ಅಂಗಡಿಗೆ ಇಳಿದೆವು. ಹಂಡೆಯ ಆ ಬೆಳಿಗ್ಗೆಗೂ ಮೊದಲೇ ನಮ್ಮ ಅಂಗಡಿ ಬಿಟ್ಟು ಹೋದವನು, ಅವನಿಗೂ ಈಗ ಮೀಸೆ ನರೆತಿದೆ. "ಗುರುಗಳೇ! ಅಮ್ಮಾವ್ರೇ! ಬನ್ನಿ ಬನ್ನಿ," ಎಂದು ಎದ್ದು ಬಂದು, ಇವಳಿಗೆ ಸ್ಟೂಲು ಹಾಕಿ ಕೂರಿಸಿದ. ಮೂಲೆಯಲ್ಲಿ ಸ್ಟವ್ ಮೇಲೆ ಟೀ ಕುದಿಯುತ್ತಿತ್ತು. ಅದರ ಪಕ್ಕದಲ್ಲೇ ಒಂದು ಬಕೆಟ್. ನೀರು ಕಾಯಿಸುವ ಕಾಯಿಲ್ ಹಾಕಿದ್ದ. ನೀರಿನಿಂದ ಹಬೆ ಏಳುತ್ತಿತ್ತು. ಅದರೊಳಗೆ ಗ್ಯಾಸಿನ ಸಿಲಿಂಡರ್ ಕತ್ತಿನವರೆಗೆ ಮುಳುಗಿ ಕೂತಿತ್ತು.

ಅಲ್ಲಿದ್ದ ಗಿರಾಕಿಗೆ ಅವನು ನನ್ನನ್ನು ತೋರಿಸಿ, "ಇವ್ರೇ ಕಣ್ ಸಾ ನಮ್ ಗುರುಗಳು. ಈ ಬಕೆಟ್ ಐತಲ್ಲ, ಇದು ಇವ್ರೇ ಕಲ್ಸಿದ್ದು. ಅಭ್ಯಂಜನ ಅಂತೀವಿ. ಬೇರೆ ಯಾವನ್ಗೂ ಬರಾಕಿಲ್ಲ," ಎಂದ.

ಒಂದು ಕ್ಷಣ ನನಗೆ ಹಿಗ್ಗಾಯಿತು. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ, ಹಿಗ್ಗಾಯಿತು. ಮರುಕ್ಷಣ ನನ್ನ ಹೆಂಡತಿ ಆ ಬಕೆಟ್ಟಿಗೂ ಸ್ಟವ್ವಿಗೂ ಮೊಳದಷ್ಟು ದೂರದಲ್ಲಿ ಕೂತಿರುವುದು ಕಂಡಿತು. "ಸ್ವಿಚ್ ಆರ್ಸೋ! ಸ್ಟವ್ ಆರ್ಸು! ಎಲ್ಲಾ ಈಚೆಗ್ ಬನ್ನಿ!" ಎಂದು ಕಿರುಚಿದೆ. ಅವಳ ರಟ್ಟೆ ಹಿಡಿದು ರಸ್ತೆಗೆ ಎಳೆದುಕೊಂಡು ಬಂದೆ.

ಶಿಷ್ಯ ಎಲ್ಲ ಆರಿಸಿ ನಗುತ್ತ ಹೊರಗೆ ಬಂದ. "ಏನ್ ಗುರುಗಳೇ, ಇಷ್ಟು ವರ್ಷದಿಂದ ಮಾಡ್ತಿವ್ನಿ, ಏನೂ ಆಗಿಲ್ಲ. ನಿಮ್ಗೇನಾರ ಆಗಿತ್ತಾ?"

"ಇಲ್ಲ," ಎಂದೆ.

ವಾಪಸ್ ಬರುವಾಗ ಎಸಿ ಹಾಕಿದ್ದೆ. ಧೂಳು ಅವಳಿಗೆ ಆಗುವುದಿಲ್ಲ. ಗೊರೂರು ದಾಟಿ, ಶೆಟ್ಟಿಹಳ್ಳಿಗೆ ತಿರುಗುವ ಹಾದಿ ಹತ್ತಿರ ಬಂದಾಗ ಅವಳು ಕೇಳಿದಳು. "ಯಾಕ್ರೀ ಅಂಗೆ ಕಿರುಚ್ಕೊಂಡ್ರಿ? ಒಂದು ಬಕೆಟ್ ನೀರಿಗೆ?"

ಎದುರಿನ ರಸ್ತೆ ನೋಡುತ್ತಲೇ ಹೇಳಿಬಿಟ್ಟೆ. ಸಿಲಿಂಡರ್ ತುಂಬಿದ್ದು, ಬಿಲ್ಲೆ ಒಡೆದದ್ದು, ತಾಮ್ರ, ಬೆಂಕಿ, ಎಲ್ಲ. ಸೌದೆ ಒದ್ದೆಯಾಗಿರಲಿಲ್ಲ ಎಂದೂ ಹೇಳಿದೆ.

ಅವಳು ಕೈ ಚಾಚಿ ಎಸಿಯ ಗಾಳಿಯನ್ನು ಸಣ್ಣಗೆ ಮಾಡಿದಳು. ಆಮೇಲೆ, "ಅಂಗಾರೆ ಬೆಂಕಿ ಅಸುರಾಗಿತ್ತು," ಎಂದಳು.

"ಹೌದು."

"ನೀವ್ ನೋಡಿದ್ರಾ?"

"ಬಾಗಿಲಲ್ಲಿ ನಿಂತು ನೋಡಿದೆ."

"ಗಾಡಿ ನಿಲ್ಸಿ."

ನಿಲ್ಲಿಸಿದೆ. ಇಳಿದು, ಮೋರಿಯ ಕಟ್ಟೆಯ ಮೇಲೆ ನನಗೆ ಬೆನ್ನು ಹಾಕಿ ಕೂತಳು. ನಾನು ಹತ್ತಿರ ಹೋದೆ. "ನಾನು ಉಚ್ಚಿ ಅಂದ್ಕೊಂಡ್ರಲ್ರೀ ಎಲ್ಲಾ. ನಮ್ಮವ್ವ ಸಾಯೋಗಂಟ ಅಂದ್ಲು, ಒಸಿ ನೋಡ್ಕೊಂಡು ಸೌದೆ ಇಡ್ಬಾರ್ದಿತ್ತೇನೇ ಅಂತ. ನೀವು ಪಕ್ಕದಲ್ಲೇ ಕುಂತು ಕೇಳುಸ್ಕೊಂಡ್ರಿ," ಎಂದಳು. ಅತ್ತಳು. ಅತ್ತದ್ದಕ್ಕೆ ಉಬ್ಬಸ ಏರಿತು. ಚೀಲದಿಂದ ಉಸಿರಿನ ಔಷಧಿಯ ಪಂಪು ತೆಗೆದು ಕೊಟ್ಟೆ. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಬಾಯಿಗೆ ಹಿಡಿದಳು. ಕ್ಷಮಿಸು ಎನ್ನಲು ಹೋದೆ. ಕೈ ಅಡ್ಡ ಮಾಡಿದಳು.

ಉಸಿರು ಸರಿಹೋದ ಮೇಲೆ ಎದ್ದು ಸೆರಗು ಕೊಡವಿದಳು. "ತಿರುಗ್ಸಿ ಗಾಡಿಯ."

"ಎಲ್ಲಿಗೆ?"

"ಅರಕಲಗೂಡಿಗೆ. ಅವ್ನ ಎಂಡ್ತಿನೂ ಅಲ್ಲೇ ಹಿಂದ್ಗಡೆ ಮನೇಲವ್ಳೆ. ನಂಗಾದಂಗೆ ಅವ್ಳಿಗೂ ಆಗ್ಬೇಕಾ? ಓಗಿ, ಯೋಳಿ. ನಾನ್ ಕೇಳುಸ್ಕೋಬೇಕು."

ತಿರುಗಿಸಿದೆ. ಶಿಷ್ಯನ ಅಂಗಡಿಯಲ್ಲಿ, ಅದೇ ಬಕೆಟ್ಟಿನ ಮುಂದೆ ನಿಂತು ಹೇಳಿದೆ. ನಾನು ಎಲ್ಲಾದರೂ ಮಾತು ಮೊಟಕು ಮಾಡಿದರೆ ಇವಳು ಸ್ಟೂಲಿನಿಂದಲೇ, "ಅದ್ನೂ ಯೋಳಿ. ಗಿರಾಕಿ ಮುಂದೆ ಏನಂದ್ರಿ, ಅದು," ಎನ್ನುತ್ತಿದ್ದಳು. ಶಿಷ್ಯ ಎಲ್ಲ ಕೇಳಿ, ಕಾಯಿಲಿನ ವೈರನ್ನು ಸುತ್ತಿ ಅಟ್ಟದ ಮೇಲಕ್ಕೆ ಎಸೆದ. "ಚಳೀಲಿ ಗ್ಯಾಸ್ ಇಳೀದಿದ್ರೆ ಏನ್ ಮಾಡ್ಲಿ ಗುರುಗಳೇ? ಅದ್ನೂ ನೀವೇ ಯೋಳ್ಬೇಕು," ಎಂದ.

ಉಗುರುಬೆಚ್ಚಗಿನ ನೀರು ಸಾಕು, ಬೆಂಕಿಯಾಗಲಿ ಕಾಯಿಲಾಗಲಿ ತಾಗಿಸಬಾರದು, ಖಾಲಿಯಾದ ಚಿಕ್ಕ ಸಿಲಿಂಡರನ್ನು ಮತ್ತೆ ತುಂಬಬಾರದು, ಬಾಗಿಲು ಕಿಟಕಿ ತೆಗೆದಿರಬೇಕು, ಹತ್ತಿರ ಒಲೆ ಉರಿಯಬಾರದು ಎಂದೆಲ್ಲ ಹೇಳಿದೆ. "ಉಗುರುಬೆಚ್ಚಗೆ ಅಂದ್ರೆ ಎಷ್ಟು?" ಎಂದ. ನಾನು ಡಿಗ್ರಿ ಹೇಳಲು ಹೊರಟೆ.

"ಬಾಣಂತಿ ಮಗೀಗೆ ಎರೀತೀವಲ್ಲಪ್ಪ, ಅಷ್ಟು," ಎಂದಳು ಇವಳು. "ಮೊಣಕೈ ಅದ್ದಿ ನೋಡು. ನಿಂಗೆ ಸುಡ್ತು ಅಂದ್ರೆ ಅದ್ಕೂ ಸುಡ್ತದೆ."

ಈಗ ನನ್ನ ಮಗಳೂ ಹೊಸಬರಿಗೆ ಹಾಗೆಯೇ ಹೇಳಿಕೊಡುತ್ತಾಳೆ.

ಮರುದಿನ ಹೊಳೆನರಸೀಪುರ. ಅಲ್ಲಿಯ ಶಿಷ್ಯ ಆಗ ನಮ್ಮ ಅಂಗಡಿಯಲ್ಲೇ ಕೆಲಸಕ್ಕಿದ್ದವನು, ಮೊದಲಿನಿಂದಲೂ ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, ನನ್ನನ್ನು ಬಿಟ್ಟು ಇವಳ ಕಡೆ ತಿರುಗಿದ. "ಅಮ್ಮ, ನೀವು ಅಸುರು ಬೆಂಕಿ ಅಂದಿದ್ದು ನಂಗ್ ನೆಪ್ಪೈತೆ. ಆಗ್ಲೇ ಅನುಮಾನ ಬಂದಿತ್ತು. ನಮ್ ದೀಪಾನೂ ಅಂಗೇ ಉರೀತಿತ್ತು."

"ಎಂಗೆ?" ಎಂದಳು ಇವಳು. ಕಣ್ಣು ಅಗಲವಾಗಿತ್ತು.

"ಗಿಣಿ ರೆಕ್ಕೆ ಇರ್ತದಲ್ಲಮ್ಮ, ಅಂಗೆ. ಅಂಚ್ನಲ್ಲಿ ಒಂಚೂರು ನೀಲಿ."

"ಅಂಗೇ!" ಎಂದು ಅವಳು ತೊಡೆ ತಟ್ಟಿದಳು. "ಅಂಚ್ನಲ್ಲಿ ನೀಲಿ ಇತ್ತು. ನೋಡಿದ್ರಾ? ನಾನ್ ಯಾರ್ಗೂ ಅದ್ನ ಯೋಳೇ ಇಲ್ಲ, ಇನ್ನೂ ನಗ್ತಾರೆ ಅಂತ." ಗಂಡನೆಂಬ ನಾನು ಕೊಡಬೇಕಾಗಿದ್ದ ಸಾಕ್ಷಿಯನ್ನು ಅವನು ಕೊಟ್ಟ. ಆಗಲೇ ಏಕೆ ಹೇಳಲಿಲ್ಲ ಎಂದು ಅವಳು ಕೇಳಿದ್ದಕ್ಕೆ, "ಗುರುಗಳು ಒಗೆ ಅಂದ್ಬುಟ್ರಲ್ಲಮ್ಮ," ಎಂದ.

ಚನ್ನರಾಯಪಟ್ಟಣದವನು ಸುಲಭಕ್ಕೆ ಬಗ್ಗಲಿಲ್ಲ. ಅವನ ಅಂಗಡಿ ಮೂರೂ ಊರುಗಳಲ್ಲಿ ದೊಡ್ಡದು. ಬಾಗೂರಿನಿಂದಲೂ ಟ್ರ್ಯಾಕ್ಸ್ ಗಾಡಿಯವರು ಹುಡುಕಿಕೊಂಡು ಬರುತ್ತಾರೆ. "ನೀವೇ ಕಲ್ಸಿ ನೀವೇ ಬ್ಯಾಡ ಅಂದ್ರೆ ಎಂಗೆ ಗುರುಗಳೇ? ಅದು ಹಳೇ ಗ್ಯಾಸು. ಈಗಿನ್ದು ಬೇರೆ. ಬೆಂಕಿ ಅಸುರಾಗಾಕಿಲ್ಲ," ಎಂದ. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಈಗಿನದು ಹಸಿರು ತೋರಿಸುವುದಿಲ್ಲ. ಬೆಂಕಿಗೆ ಬಿದ್ದರೆ ಆಗುವ ವಿಷ ಮಾತ್ರ ಆಗಿಯೇ ಆಗುತ್ತದೆ. ಬಣ್ಣ ಕಾಣದ್ದರಿಂದ ಅಪಾಯ ಇನ್ನೂ ಹೆಚ್ಚು ಎಂದೆ. ಕೆಲಸದವರ ಮುಂದೆ ಅವನು, "ಗುರುಗಳಿಗೆ ವಯಸ್ಸಾಯ್ತು ಕಣ್ರಲಾ, ಎದ್ರಿಕೆ ಜಾಸ್ತಿ," ಎಂದು ನಕ್ಕ.

ಅಂಗಡಿಗೆ ಮೆಟ್ಟಿಲಿತ್ತು. ಇವಳು ಅಷ್ಟರವರೆಗೆ ಕಾರಿನಲ್ಲೇ ಇದ್ದವಳು, ಇಳಿದು ನಿಧಾನವಾಗಿ ಹತ್ತಿ ಬಂದಳು. ಮೇಲೆ ಬರುವಷ್ಟರಲ್ಲಿ ಮಾತಾಡಲು ಉಸಿರಿರಲಿಲ್ಲ. ಬಾಗಿಲ ಕಂಬ ಹಿಡಿದು ನಿಂತು, ಅವನಿಗೆ ಕೈ ಸನ್ನೆ ಮಾಡಿ ಹತ್ತಿರ ಕರೆದಳು. ಅವನು ಹೋದ. ಅಂಗಡಿಯವರೆಲ್ಲ ಸುಮ್ಮನಾದರು. ಅವಳ ಎದೆಯ ಪೀಪಿಯ ಸದ್ದು ಎಲ್ಲರಿಗೂ ಕೇಳುತ್ತಿತ್ತು.

"ಕೇಳುಸ್ತಾ?" ಎಂದಳು ಕೊನೆಗೆ. "ಇದು ನಿನ್ ಗುರುಗಳ ಅಭ್ಯಂಜನ. ಎದ್ರಿಕೆ ಅವ್ರಿಗಲ್ಲ ಕಣಪ್ಪ, ನಂಗೆ. ನಿನ್ ಎಂಡ್ತಿಗೂ."

ಅವನ ನಗು ಹೋಗಿತ್ತು. ಒಳಗೆ ಹೋಗಿ ಕಾಯಿಲ್ ತಂದು, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. "ತಗಳಿ ಅಮ್ಮ. ನಿಮ್ ಮನೇಲಿ ನೀರ್ ಕಾಯ್ಸಾಕಾಯ್ತದೆ."

"ನಮ್ಮನೇಲಿ ಸೋಲಾರ್ ಐತೆ. ನಿನ್ನ ಎಂಡ್ತಿಗೆ ಕೊಡು," ಎಂದಳು. ಕೆಲಸದವರು ನಕ್ಕರು. ಅವನೂ ನಕ್ಕ.

ಕ್ಷಮಿಸಿದೆ ಎಂದು ಅವಳು ಇವತ್ತಿಗೂ ಹೇಳಿಲ್ಲ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಆ ದಿನ ಹಾಸನ ಹತ್ತಿರವಾದಾಗ, "ನಾಳಿದ್ದು ಡಾಕ್ಟ್ರ ಅತ್ರ ನೀವು ಬಾಯ್ ಬಿಡ್ಬ್ಯಾಡಿ. ನಾನೇ ಯೋಳ್ತೀನಿ. ಅವ್ರು ನಿಮ್ಮ ಕೇಳಿದ್ರೆ ಔದು ಅನ್ನಿ, ಸಾಕು," ಎಂದಳು.

ಡಾಕ್ಟರ್ ಪರೀಕ್ಷೆಯ ಹಾಳೆಗಳನ್ನು ನೋಡುತ್ತಿದ್ದರು. ಇವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಅಮ್ಮಾ, ಆವತ್ತು ನೀವ್ ಕೇಳಿದ್ದಕ್ಕೆ ತಪ್ಪಾಗಿ ಯೋಳ್ಬುಟ್ಟೆ. ಸೌದೆ ಒದ್ದೆ ಇರ್ಲಿಲ್ಲ," ಎಂದು ಶುರು ಮಾಡಿದಳು.

ಡಾಕ್ಟರ್ ಪೆನ್ನು ತೆಗೆದುಕೊಂಡರು. ಚಳಿಯ ಬೆಳಿಗ್ಗೆ, ಹಂಡೆ, ಸೀಟಿಯ ಕೂಗು, ಹಂಡೆಯ ಅಂಚಿನಿಂದ ನೆಲಕ್ಕೆ ಸುರಿದ ಕಾಣದ ಗ್ಯಾಸ್, ಬಣ್ಣ ಬದಲಿಸಿದ ಬೆಂಕಿ, ಎಲ್ಲ ಹೇಳಿದಳು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಅಲ್ಲಿ ನಾನು ಮಾತು ತುಂಬಲು ಹೋಗಲಿಲ್ಲ. ಅವಳೇ ಮುಂದುವರಿಸುತ್ತಿದ್ದಳು. "ಗಾಳಿಗಿಂತ ಭಾರ ಕಣಮ್ಮ ಅದು, ಕೆಳ್ಗೇ ಕೂರ್ತದೆ. ನಾನು ಬಗ್ಗಿ ಕುಂತಿದ್ದೆ. ಅದ್ಕೇ ನಂಗೆ ಹೆಚ್ಗೆ ಓಯ್ತು," ಎಂದಳು. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೂರು ಊರುಗಳಲ್ಲಿ ನಾನು ಹೇಳಿದ್ದನ್ನು ಕೇಳಿ ತಾನೇ ಕೂಡಿಸಿಕೊಂಡಿದ್ದಳು. ನನ್ನ ಕೈಯಲ್ಲಿ ಕೆಲಸ ಕಲಿತವರಲ್ಲಿ ಗ್ಯಾಸಿನ ಗುಣವನ್ನು ಇಷ್ಟು ಚೆನ್ನಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ ಎಂದು ಆಗ ಅನ್ನಿಸಿತು. ಹೆಮ್ಮೆಪಡುವ ಹಕ್ಕು ನನಗಿರಲಿಲ್ಲ. ಆದರೂ ಪಟ್ಟೆ.

ಹೊಗೆಯೆಂದು ತಿಳಿದು ಕೊಟ್ಟ ಔಷಧಿಯಲ್ಲಿ ಕೆಲವನ್ನು ಬದಲಾಯಿಸಿ ನೋಡೋಣ, ಹೋದದ್ದೆಲ್ಲ ವಾಪಸ್ ಬರುತ್ತದೆ ಎಂದು ಮಾತ್ರ ಹೇಳಲಾರೆ ಎಂದರು ಡಾಕ್ಟರ್. ಆಮೇಲೆ ಪೆನ್ನು ಕೆಳಗಿಟ್ಟು, "ಬೆಂಕಿ ಬಣ್ಣ ಬದಲಾಗಿತ್ತು ಅಂದ್ರಲ್ಲ ಅಮ್ಮ. ಯಾವ ಬಣ್ಣ?" ಎಂದು ಕೇಳಿದರು.

"ಅಸುರು," ಎಂದಳು. "ಗಿಣಿ ರೆಕ್ಕೆ ಅಂಗೆ. ಅಂಚ್ನಲ್ಲಿ ನೀಲಿ."

ಡಾಕ್ಟರ್ ನನ್ನ ಕಡೆ ತಿರುಗಿದರು. ಅವಳೂ ತಿರುಗಿದಳು.

"ಹೌದು," ಎಂದೆ.